ಕೋಪಕ್ಕಿಂತ ಕೆಟ್ಟದ್ದು

ಉತ್ತರಪತ್ರಿಕೆಯ ಅಂಚಿನಲ್ಲಿ ಮೇಷ್ಟರು ಗೀಚುವ ಮಾತನ್ನು ಯಾರೂ ವಿಮರ್ಶೆಯೆಂದು ಎಣಿಸುವುದಿಲ್ಲ. ಆದರೆ ಅದೂ ವಿಮರ್ಶೆಯೇ. ಮತ್ತು ಅಚ್ಚಾಗದ ವಿಮರ್ಶೆಯಾದ್ದರಿಂದ ಅದಕ್ಕೆ ಯಾರೂ ಉತ್ತರ ಹೇಳುವುದಿಲ್ಲ. ನಾನು ಹಾಗೆ ಗೀಚಿದ ಒಂದು ಮಾತಿಗೆ ಒಬ್ಬ ಹುಡುಗ ಉತ್ತರ ಹೇಳಿದ. ಈ ಲೇಖನ ಅಲ್ಲಿಂದ ಹುಟ್ಟಿದ್ದು.

ನನ್ನ ಮನೆಯಿರುವುದು ನಂಜನಗೂಡಿನಲ್ಲಿ, ಪಾಠ ಹೇಳುವುದು ತಿರುಮಕೂಡಲು ನರಸೀಪುರದ ಕಡೆ. ಕಪಿಲೆಯ ದಡದ ಊರಿನಿಂದ ಹೊರಟು, ಅದೇ ಕಪಿಲೆ ಕಾವೇರಿಯನ್ನು ಸೇರುವ ಊರಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವವನು ನಾನು. ಕೆಲವು ವರ್ಷಗಳ ಹಿಂದೆ ‘ಸ್ವಾತಂತ್ರ್ಯ ಚಳವಳಿ ಮತ್ತು ಕನ್ನಡ ಕಾದಂಬರಿ’ ಎಂಬ ವಿಷಯವಾಗಿ ವಿದ್ಯಾರ್ಥಿಗಳಿಂದ ಪ್ರಬಂಧ ಬರೆಸಿದ್ದೆ. ಹೆಚ್ಚಿನವರು ನಾನು ಹೇಳಿದ್ದನ್ನೇ ನನಗೆ ಹಿಂದಿರುಗಿಸಿದರು. ಒಬ್ಬ ಮಾತ್ರ ನಿರಂಜನರ ‘ಚಿರಸ್ಮರಣೆ’ಯನ್ನು ಹಿಡಿದು, ಕಯ್ಯೂರಿನ ರೈತರು ಪೋಲೀಸನ ಮೇಲೆ ಕಲ್ಲೆಸೆದದ್ದು ನ್ಯಾಯವೇ ಎಂದು ಆರು ಪುಟ ಬರೆದಿದ್ದ. ಅಂಚಿನಲ್ಲಿ ನಾನು ‘ಉದ್ವೇಗ ಹೆಚ್ಚು, ವಿವೇಚನೆ ಕಡಿಮೆ’ ಎಂದು ಕೆಂಪು ಮಸಿಯಲ್ಲಿ ಬರೆದು ಅಂಕ ಕಡಿಮೆ ಮಾಡಿದೆ.

ಹುಡುಗ ಜಗಳಕ್ಕೆ ಬರಲಿಲ್ಲ. ಸಂಜೆ ಬಸ್ ನಿಲ್ದಾಣದಲ್ಲಿ ಸಿಕ್ಕಿದಾಗ, ಪುಸ್ತಕಗಳನ್ನು ಎದೆಗವಚಿಕೊಂಡು, ಮೆಲ್ಲಗೆ ಕೇಳಿದ: “ಸಾ, ಸತ್ಯಾಗ್ರಹ ಮಾಡ್ಬೇಕು ಅಂದ್ರ ಎದುರ್ಗಿರವ್ನು ಮೊದ್ಲು ನಮ್ಮನ್ನ ಮನ್ಸ ಅಂತ ನೋಡ್ಬೇಕಲ್ವಾ? ಅವ್ನು ನೋಡ್ದೇ ಇದ್ರ?”

“ನಾಳೆ ಮಾತಾಡೋಣಪ್ಪ” ಎಂದು ಬಸ್ಸು ಹತ್ತಿದೆ. ಆ ನಾಳೆ ಬರುವುದಕ್ಕೆ ವರ್ಷಗಳೇ ಹಿಡಿದುವು.

ನಮ್ಮ ವಿಮರ್ಶೆಯಲ್ಲಿ ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಸಿದ್ಧಾಂತದ ಪ್ರಶ್ನೆಯಾಗಿ ಎತ್ತಿಕೊಳ್ಳುತ್ತೇವೆ. ಒಂದು ಕಡೆ ಗಾಂಧಿ, ಇನ್ನೊಂದು ಕಡೆ ಮಾರ್ಕ್ಸ್. ಈ ಕಾದಂಬರಿಕಾರ ಇತ್ತ, ಆ ಕಾದಂಬರಿಕಾರ ಅತ್ತ. ಆದರೆ ಮನುಷ್ಯ ದೊಣ್ಣೆ ಹಿಡಿಯುವುದೂ, ದೊಣ್ಣೆಯ ಮುಂದೆ ಕೈಕಟ್ಟಿ ನಿಲ್ಲುವುದೂ ಗ್ರಂಥ ಓದಿಯಲ್ಲ. ಗ್ರಂಥ ಆಮೇಲೆ ಬರುತ್ತದೆ, ಸಮರ್ಥನೆಗೆ. ಮೊದಲು ಬರುವುದು ಒಂದು ಭಾವ. ಆ ಭಾವ ಯಾವುದೆಂದು ಕೇಳುವ ಕೆಲಸ ಸಾಹಿತ್ಯ ವಿದ್ಯಾರ್ಥಿಗಳದು. ಭಾವಗಳ ಲೆಕ್ಕವಿಡುವುದನ್ನು ಭರತಮುನಿಯೇ ನಮಗೆ ಕಲಿಸಿಕೊಟ್ಟಿದ್ದಾನಲ್ಲ!

ಹಳೆಯ ಉದಾಹರಣೆಯೊಂದರಿಂದ ಪ್ರಾರಂಭಿಸುತ್ತೇನೆ. ಮಹಾಭಾರತದ ವನಪರ್ವದಲ್ಲಿ ದ್ರೌಪದಿಗೂ ಧರ್ಮರಾಯನಿಗೂ ನಡೆಯುವ ವಾದ ವಾಚಕರಿಗೆ ತಿಳಿದದ್ದೇ. ಕ್ಷಮೆ ದೊಡ್ಡದೋ, ಕೋಪ ದೊಡ್ಡದೋ ಎಂಬುದು ಅಲ್ಲಿಯ ಚರ್ಚೆ. ಮೇಲುನೋಟಕ್ಕೆ ಇದು ತತ್ತ್ವದ ಜಗಳ. ಆದರೆ ಇಬ್ಬರ ಸ್ಥಿತಿಯನ್ನು ನೋಡಿ. ಧರ್ಮರಾಯನಿಗೆ ಲೆಕ್ಕವಿದೆ: ಹದಿಮೂರು ವರ್ಷ ಕಳೆದರೆ ರಾಜ್ಯ ಮರಳಿ ಬರಬೇಕು. ಕಾಯುವುದರಲ್ಲಿ ಫಲವುಂಟೆಂದು ನಂಬಿದವನು ಆತ. ದ್ರೌಪದಿಯದು ಬೇರೆಯ ನೆನಪು. ತುಂಬಿದ ಸಭೆಯಲ್ಲಿ ಆಕೆ ನ್ಯಾಯ ಕೇಳಿದಳು. ಶಾಂತವಾಗಿಯೇ, ಶಾಸ್ತ್ರೋಕ್ತವಾಗಿಯೇ ಕೇಳಿದಳು. ಭೀಷ್ಮ ದ್ರೋಣರಂಥವರು ಕುಳಿತಿದ್ದರು. ಅವಳಿಗೆ ನ್ಯಾಯ ದೊರೆಯಲಿಲ್ಲ. ಶಾಂತ ಮಾರ್ಗವನ್ನು ಹಿಡಿದು ನೋಡಿ, ಅದು ಬಿದ್ದುಹೋದುದನ್ನು ಕಂಡವಳು ಆಕೆ. ಹಾಗಿರುವಾಗ ರನ್ನನ ‘ಗದಾಯುದ್ಧ’ದಲ್ಲಿ ಅವಳು ಭೀಮನನ್ನು ಕೆರಳಿಸುವುದು ಸ್ವಭಾವದೋಷವಲ್ಲ, ಅನುಭವ. ಒಬ್ಬರು ಶಾಂತಿಯ ಕಡೆಗೂ ಇನ್ನೊಬ್ಬರು ಯುದ್ಧದ ಕಡೆಗೂ ಒಲಿಯುವುದಕ್ಕೆ ಅವರ ಗುಣಕ್ಕಿಂತ ಹೆಚ್ಚಾಗಿ, ಹಿಂದೆ ಅವರ ಮಾತನ್ನು ಯಾರಾದರೂ ಕೇಳಿದರೇ ಎಂಬುದು ಕಾರಣವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಈ ಮಾತಿಗೆ ನಮ್ಮ ನಂಜನಗೂಡಿನಲ್ಲಿಯೂ ಒಂದು ಸಾಕ್ಷ್ಯವುಂಟು. ಶ್ರೀಕಂಠೇಶ್ವರನ ರಥೋತ್ಸವಕ್ಕೂ ರಸಬಾಳೆಗೂ ಹೆಸರಾದ ಊರು ಇದು. ಆದರೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಮೊದಲ ಸಂಪುಟವನ್ನು ಹೊರತಂದ ತನ್ನ ಇತಿಹಾಸದಲ್ಲಿ, ಈ ಊರಿನ ಹೆಸರನ್ನು ಬೇರೊಂದು ಕಾರಣಕ್ಕೆ ಎತ್ತುತ್ತಾನೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಕಂದಾಯ ಏರಿತು, ರೈತರು ಎದ್ದರು, ಜಂಗಮರು ಅವರಿಗೆ ಮುಂದಾಳುಗಳಾದರು. ಎದ್ದರೆಂದರೆ ಹೇಗೆ? ವಿಲ್ಕ್ಸ್ ಕೊಡುವ ವಿವರ ಮನಸ್ಸಿನಲ್ಲಿ ನಿಲ್ಲುವಂಥದು. ಊರ ಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿದರಂತೆ. ನಾವು ಉಳುವುದಿಲ್ಲ ಎಂದು ಅದರ ಅರ್ಥ. ಅಸಹಕಾರ ಎಂಬ ಪದವನ್ನು ನಾವು ಇಪ್ಪತ್ತನೆಯ ಶತಮಾನದಲ್ಲಿ ಕಲಿತೆವು. ಅದರ ಚಿತ್ರ ಅದಕ್ಕೂ ಇನ್ನೂರು ವರ್ಷಗಳಿಗೆ ಹಿಂದೆಯೇ ನಮ್ಮ ಊರುಗಳ ಮರಗಳಲ್ಲಿ ತೂಗುತ್ತಿತ್ತು. ಮುಂದೆ ಅದೇ ಬರವಣಿಗೆಯ ಪ್ರಕಾರ ಜಂಗಮರನ್ನು ಮಾತುಕತೆಗೆಂದು ನಂಜನಗೂಡಿಗೆ ಕರೆಸಿ, ನಾನೂರಕ್ಕೂ ಮಿಕ್ಕಿ ಜನರನ್ನು ಕೊಲ್ಲಿಸಲಾಯಿತು. ಆಮೇಲೆ ಮಂತ್ರಿಯಾಗಿದ್ದ ವಿಶಾಲಾಕ್ಷ ಪಂಡಿತನೂ ಕೊಲೆಯಾದ. ವಿಲ್ಕ್ಸ್ ಬರೆದದ್ದು ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಸಂಖ್ಯೆಯ ವಿಷಯದಲ್ಲಿಯೂ ವಿವರಗಳ ವಿಷಯದಲ್ಲಿಯೂ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಇತಿಹಾಸದ ತೀರ್ಪು ಕೊಡುವ ಅರ್ಹತೆ ನನಗಿಲ್ಲ. ಕಥೆಯ ಕ್ರಮವನ್ನಷ್ಟೇ ನಾನು ಗಮನಿಸುವುದು: ಮೊದಲು ನೇಗಿಲು, ಆಮೇಲೆ ಕತ್ತಿ, ಅದಾದ ಮೇಲೆ ಗುಟ್ಟಿನ ಕಠಾರಿ. ಕಠಾರಿ ಹಿಡಿದವನು ಹುಟ್ಟುವಾಗಲೇ ಕಠಾರಿಯೊಂದಿಗೆ ಹುಟ್ಟಿರಲಿಲ್ಲ.

ಇನ್ನು ಎರಡು ಘಟನೆಗಳನ್ನು ಜೊತೆಯಿಟ್ಟು ನೋಡಬೇಕು. ಒಂದು, ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಈಸೂರು. 1942ರ ಸೆಪ್ಟೆಂಬರಿನಲ್ಲಿ ಆ ಹಳ್ಳಿ ತಾನು ಸ್ವತಂತ್ರವೆಂದು ಸಾರಿಕೊಂಡಿತು. ಅಮಲ್ದಾರರೂ ಪೋಲೀಸು ಸಬ್‌ಇನ್‌ಸ್ಪೆಕ್ಟರರೂ ಊರಿಗೆ ಬಂದಾಗ ಜನ ಕೇಳಿದ್ದು ಏನು? ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು. ಅವರು ಒಪ್ಪಲಿಲ್ಲ. ಮಾತು ಬೆಳೆಯಿತು, ಗುಂಡು ಹಾರಿತು, ಜನ ನುಗ್ಗಿದರು. ಇಬ್ಬರು ಅಧಿಕಾರಿಗಳೂ ಸತ್ತರು. 1943ರ ಮಾರ್ಚಿಯಲ್ಲಿ ಈಸೂರಿನ ಐದು ಜನರಿಗೆ ಗಲ್ಲಾಯಿತು. ಇನ್ನೊಂದು, ಇಂದು ಕಾಸರಗೋಡು ಜಿಲ್ಲೆಗೆ ಸೇರಿರುವ ಕಯ್ಯೂರು. 1941ರ ಮಾರ್ಚಿಯಲ್ಲಿ ರೈತಸಂಘದವರ ಮೆರವಣಿಗೆಗೆ, ಹಿಂದಿನ ದಿನಗಳಲ್ಲಿ ಅವರನ್ನು ಹೊಡೆದಿದ್ದ ಪೋಲೀಸನೊಬ್ಬ ಸಿಕ್ಕಿಬಿದ್ದ. ಅವನ ಕೈಗೆ ಬಾವುಟ ಕೊಟ್ಟು ಮುಂದೆ ನಡೆಸಿದರು. ಅವನು ತಪ್ಪಿಸಿಕೊಂಡು ಹೊಳೆಗೆ ಹಾರಿದ, ಕಲ್ಲುಗಳು ಬಿದ್ದುವು, ಮುಳುಗಿ ಸತ್ತ. ನಾಲ್ವರನ್ನು 1943ರ ಮಾರ್ಚಿ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು.

ಎರಡು ಘಟನೆಗಳಿಗೂ ಇರುವ ಹೋಲಿಕೆಯನ್ನು ನಾನು ಬಹುಕಾಲ ಗಮನಿಸಿರಲಿಲ್ಲ. ಒಂದು ಊರಿನವರು ಗಾಂಧಿಯ ಹೆಸರು ಹೇಳಿದವರು, ಇನ್ನೊಂದು ಊರಿನವರು ಕೆಂಬಾವುಟದವರು. ಸಿದ್ಧಾಂತದಲ್ಲಿ ದೂರ ದೂರ. ಆದರೆ ಎರಡೂ ಕಡೆ ಜನ ಮೊದಲು ಕೇಳಿದ್ದು ಪ್ರಾಣವನ್ನಲ್ಲ. ನಮ್ಮ ಟೋಪಿ ಹಾಕಿಕೋ, ನಮ್ಮ ಬಾವುಟ ಹಿಡಿದುಕೋ ಎಂದು. ಎಂದರೆ, ಒಂದು ಸಲವಾದರೂ ನಮ್ಮನ್ನು ಲೆಕ್ಕಕ್ಕೆ ತೆಗೆದುಕೋ ಎಂದು. ಆ ಬೇಡಿಕೆ ಮುರಿದುಬಿದ್ದ ಕ್ಷಣದಲ್ಲಿ ಎರಡು ಊರುಗಳಲ್ಲಿಯೂ ಕೊಲೆಯಾಯಿತು. ನನ್ನ ಹುಡುಗ ಬಸ್ ನಿಲ್ದಾಣದಲ್ಲಿ ಕೇಳಿದ ಪ್ರಶ್ನೆ ಇದೇ ಅಲ್ಲವೆ? ಆದರೆ ಇನ್ನೊಂದನ್ನೂ ಹೇಳಬೇಕು. ಬಲಾತ್ಕಾರದಿಂದ ಟೋಪಿ ಹಾಕಿಸಬಹುದು, ಟೋಪಿಯ ಒಳಗಿನ ತಲೆಯನ್ನು ಬಾಗಿಸಲಾಗುವುದಿಲ್ಲ. ಗೌರವವನ್ನು ಹಿಡಿದು ಕಿತ್ತುಕೊಳ್ಳಲು ಹೊರಟ ಕೈಗೆ ಕಡೆಗೆ ಹೆಣ ಸಿಗುತ್ತದೆಯೇ ಹೊರತು ಗೌರವ ಸಿಗುವುದಿಲ್ಲ.

ಈಗ ಭರತನಿಗೆ ಬರುತ್ತೇನೆ. ವೀರಕ್ಕೆ ಉತ್ಸಾಹ, ರೌದ್ರಕ್ಕೆ ಕ್ರೋಧ, ಬೀಭತ್ಸಕ್ಕೆ ಜುಗುಪ್ಸೆ ಸ್ಥಾಯಿ ಎಂದು ನಾವು ಮೊದಲ ವರ್ಷದ ತರಗತಿಯಲ್ಲಿಯೇ ಹೇಳಿಕೊಡುತ್ತೇವೆ. ಚಳವಳಿಯ ಕಾದಂಬರಿಗಳನ್ನು ಕುರಿತು ಮಾತಾಡುವಾಗ ಸುಲಭವಾದ ಒಂದು ವಿಭಾಗವನ್ನು ಮಾಡಿಕೊಂಡುಬಿಡುತ್ತೇವೆ: ಸತ್ಯಾಗ್ರಹ ವೀರ, ದೊಂಬಿ ರೌದ್ರ, ಆದ್ದರಿಂದ ಕೋಪವೇ ಹಿಂಸೆಯ ತಾಯಿ. ನಾನು ಹುಡುಗನ ಪ್ರಬಂಧದ ಅಂಚಿನಲ್ಲಿ ಬರೆದ ಮಾತಿನ ಹಿಂದೆ ಇದ್ದದ್ದು ಈ ನಂಬಿಕೆಯೇ. ಅವನ ಬರವಣಿಗೆಯಲ್ಲಿ ಕೋಪ ಕಂಡಿತು, ಆದ್ದರಿಂದ ಹೆದರಿದೆ.

ಆದರೆ ಈಚಿನ ಮನಃಶಾಸ್ತ್ರಜ್ಞರು ಬೇರೆ ಮಾತು ಹೇಳುತ್ತಾರೆ. 2011ರಲ್ಲಿ ನಿಕೋಲ್ ಟೌಶ್ ಮತ್ತು ಅವರ ಜೊತೆಗಾರರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಶುಲ್ಕದ ವಿರುದ್ಧ ಎದ್ದ ಜರ್ಮನಿಯ ವಿದ್ಯಾರ್ಥಿಗಳು, ಭಾರತದ ಮುಸ್ಲಿಮರು, ಬ್ರಿಟನ್ನಿನ ಮುಸ್ಲಿಮರು ಎಂಬ ಮೂರು ಕಡೆಯ ಜನರನ್ನು ಪ್ರಶ್ನಿಸಿ ನೋಡಿದ್ದು ಅದು. ಕೋಪವುಳ್ಳವರು ಒಲಿದದ್ದು ಸಭೆ, ಮೆರವಣಿಗೆ, ಮನವಿ ಮೊದಲಾದ ಒಪ್ಪಿತ ಮಾರ್ಗಗಳ ಕಡೆಗೆ. ಕಟ್ಟುಮೀರಿದ, ಹಿಂಸೆಯ ಮಾರ್ಗಗಳ ಕಡೆಗಿನ ಒಲವು ಕೋಪದೊಂದಿಗಲ್ಲ, ತಿರಸ್ಕಾರದೊಂದಿಗೆ ಕೂಡಿಕೊಂಡಿತ್ತು. ತಮ್ಮ ಪ್ರಯತ್ನದಿಂದ ಫಲವುಂಟೆಂಬ ನಂಬಿಕೆ ಮೊದಲಿನವರಲ್ಲಿತ್ತು. ಎರಡನೆಯ ದಾರಿಗೆ ಆ ನಂಬಿಕೆ ಬೇಕೇ ಆಗಿರಲಿಲ್ಲ.

ಪಂಡಿತರ ಲೆಕ್ಕವನ್ನು ಬದಿಗಿಟ್ಟು ಮನೆಯ ಅನುಭವದಿಂದಲೇ ಇದನ್ನು ಪರೀಕ್ಷಿಸಬಹುದು. ತಾಯಿ ಮಗನ ಮೇಲೆ ಕೋಪಿಸಿಕೊಳ್ಳುತ್ತಾಳೆ. ಅವನು ತಿದ್ದಿಕೊಂಡಾನೆಂಬ ಆಸೆ ಇರುವವರೆಗೂ ಕೋಪಿಸಿಕೊಳ್ಳುತ್ತಾಳೆ. ಕೋಪದ ಒಳಗೆ ಒಂದು ನಂಟು ಇರುತ್ತದೆ. ಅಣ್ಣತಮ್ಮಂದಿರು ಹಿಸ್ಸೆಗಾಗಿ ಜಗಳವಾಡುವಾಗಲೂ, ಒಬ್ಬ ಇನ್ನೊಬ್ಬನಿಂದ ನ್ಯಾಯ ನಿರೀಕ್ಷಿಸುತ್ತಾನೆಂದೇ ಅರ್ಥ. “ಅವನ ಮಾತು ಬಿಡಿ, ಅವನೇನು ಮನುಷ್ಯನೆ?” ಎಂದು ಯಾವಾಗ ಅಂದೆವೋ, ಆಗ ಕೋಪ ತಣ್ಣಗಾಗಿ ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿರುತ್ತದೆ. ಅದು ಬಿಸಿಯಾಗಿರುವುದಿಲ್ಲ. ಕೂಗಾಡುವುದೂ ಇಲ್ಲ. ಎದುರಿನವನಿಂದ ಏನನ್ನೂ ನಿರೀಕ್ಷಿಸದ ಭಾವ ಅದು. ಆದ್ದರಿಂದಲೇ ಅವನಿಗೆ ಏನನ್ನು ಬೇಕಾದರೂ ಮಾಡಬಲ್ಲದು. ರಸಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅದು ಕ್ರೋಧಕ್ಕಿಂತ ಜುಗುಪ್ಸೆಗೆ ಹತ್ತಿರದ್ದು. ಕನ್ನಡದ ಹಳ್ಳಿಯ ಮಾತಿನಲ್ಲಿ ಅದಕ್ಕೆ ಹೇಸಿಗೆ ಎಂದು ಹೆಸರು.

ಇಲ್ಲಿಗೆ ಬಂದಾಗ ನನಗೆ ಹುಡುಗನ ಪ್ರಶ್ನೆಯ ಪೂರ್ಣ ತೂಕ ತಿಳಿಯಿತು. ನಾವು ಹಿಂಸೆಯ ಮಾತೆತ್ತಿದಾಗಲೆಲ್ಲ ಏಳುವವನ ಮನಸ್ಸನ್ನು ಪರೀಕ್ಷಿಸುತ್ತೇವೆ. ಅವನಿಗೆ ಕೋಪವೇ, ತಿರಸ್ಕಾರವೇ, ತಾಳ್ಮೆಯಿದೆಯೇ ಎಂದು ಕೇಳುತ್ತೇವೆ. ಅವನ ಎದುರಿಗಿರುವವನ ಮನಸ್ಸಿನಲ್ಲಿ ಏನಿದೆ ಎಂದು ಕೇಳುವುದಿಲ್ಲ. ಅಸ್ಪೃಶ್ಯತೆಯೆಂಬುದು ಏನು? ಹೇಸಿಗೆಯನ್ನು ಊರಿನ ಕಟ್ಟಳೆಯಾಗಿ ಮಾಡಿ, ಕೇರಿಗಳಾಗಿ ಹಂಚಿ, ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ್ದು. ಸತ್ಯಾಗ್ರಹಿ ತಾನು ನೋವುಂಡು ಎದುರಾಳಿಯ ಎದೆಯಲ್ಲಿ ಕರುಣೆಯನ್ನು ಎಬ್ಬಿಸಬೇಕು. ಕೋಪಗೊಂಡವನ ಎದೆಯಲ್ಲಿ ಕರುಣೆ ಏಳಬಹುದು. ಹೇಸಿಕೊಂಡವನ ಎದೆಯಲ್ಲಿ ಅದು ಎಲ್ಲಿಂದ ಬರಬೇಕು? ತನ್ನವನೆಂದು ತಿಳಿದವನ ನೋವಷ್ಟೇ ನಮಗೆ ನೋವಾಗಿ ಕಾಣುವುದು.

ಇದನ್ನು ಗಾಂಧೀಜಿ ಅರಿಯದವರಲ್ಲ. ಹೇಡಿತನಕ್ಕೂ ಹಿಂಸೆಗೂ ನಡುವೆಯೇ ಆರಿಸಿಕೊಳ್ಳಬೇಕಾಗಿ ಬಂದರೆ ಹಿಂಸೆಯೇ ಮೇಲೆಂದು 1920ರಲ್ಲಿಯೇ ಅವರು ಬರೆದಿದ್ದರು. ಅದೇ ಗಾಂಧೀಜಿ, 1922ರಲ್ಲಿ ಚೌರಿ ಚೌರಾದಲ್ಲಿ ಪೋಲೀಸರು ಠಾಣೆಯೊಳಗೆ ಸುಟ್ಟುಹೋದಾಗ, ದೇಶವೇ ಎದ್ದು ನಿಂತಿದ್ದ ಚಳವಳಿಯನ್ನು ನಿಲ್ಲಿಸಿಬಿಟ್ಟರು. ನಮ್ಮ ತಾಲ್ಲೂಕಿಗೂ ಅವರು ಬಂದಿದ್ದರು. ಬದನವಾಳಿನ ಖಾದಿ ಕೇಂದ್ರಕ್ಕೆ ಅವರು 1927ರಲ್ಲಿ ಬಂದಿದ್ದರು. 1934ರ ಹರಿಜನ ಯಾತ್ರೆಯಲ್ಲಿ ತಗಡೂರಿಗೆ ಬಂದರು. ಆ ತಗಡೂರಿನ ರಾಮಚಂದ್ರರಾಯರು ಖಾದಿಗೂ ಹರಿಜನಸೇವೆಗೂ ಜೀವ ತೆತ್ತು, ಮೈಸೂರು ಗಾಂಧಿಯೆಂದು ಕರೆಸಿಕೊಂಡರು. ಅವರ ನಿಷ್ಠೆಯನ್ನು ಕುರಿತು ಎರಡು ಮಾತಿಲ್ಲ.

ಆದರೆ ಅದೇ ಬದನವಾಳಿನಲ್ಲಿ 1993ರಲ್ಲಿ, ದೇವಸ್ಥಾನದ ವಿಷಯವಾಗಿ ಎದ್ದ ಜಗಳದ ಬೆನ್ನಲ್ಲಿ, ಮೂವರು ದಲಿತರು ಕೊಲೆಯಾದರು. ನಾನಾಗ ಶಾಲೆಯ ಹುಡುಗ. ಮನೆಯ ಹಿರಿಯರು ಆ ಸುದ್ದಿಯನ್ನು ತಗ್ಗಿದ ದನಿಯಲ್ಲಿ ಮಾತಾಡಿಕೊಂಡದ್ದೂ, ನಾನು ಹತ್ತಿರ ಹೋದಾಗ ಮಾತು ನಿಲ್ಲಿಸಿದ್ದೂ ನೆನಪಿದೆ. ದೊಡ್ಡವನಾದ ಮೇಲೆ ಆ ಮೌನದ ಅರ್ಥ ತಿಳಿಯಿತು. ಯಾರೂ ಕೊಲೆಯನ್ನು ಸಮರ್ಥಿಸಲಿಲ್ಲ. ಯಾರಿಗೂ ಊಟ ಬೇಡವೆನಿಸಲೂ ಇಲ್ಲ. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿಗಾಗಿ ಬದನವಾಳಿನಲ್ಲಿಯೇ ಸತ್ಯಾಗ್ರಹ ನಡೆಸಿದಾಗ ಆ ಊರಿನ ಹೆಸರು ಮತ್ತೆ ಪತ್ರಿಕೆಗಳಲ್ಲಿ ಬಂತು. ನೂಲುವ ರಾಟೆಯ ಊರು ಎಂದು ಒಂದು ಸಲ, ಕೊಲೆಯ ಊರು ಎಂದು ಒಂದು ಸಲ ಓದಿದವನಿಗೆ, ಎರಡೂ ಒಂದೇ ಊರು ಎಂಬುದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು ಕಷ್ಟ. ಆದರೂ ಹಿಡಿದಿಟ್ಟುಕೊಳ್ಳಬೇಕು. ಹಿಂಸೆಯನ್ನು ಬೆಂಬಲಿಸುತ್ತೀರೋ ಎಂಬ ಪ್ರಶ್ನೆಯನ್ನು ಪೆಟ್ಟು ತಿಂದ ಕೇರಿಗೆ ಹೋಗಿ ಕೇಳುವ ಮುಂಚೆ, ಮೌನವಾಗಿದ್ದ ಬೀದಿಗೆ ಹೋಗಿ ಕೇಳುವುದು ನ್ಯಾಯ.

ಈ ಬೆಳಕಿನಲ್ಲಿ ‘ಚಿರಸ್ಮರಣೆ’ಯನ್ನು ಮತ್ತೆ ಓದಿದೆ. 1955ರಲ್ಲಿ ಬಂದ ಈ ಕಾದಂಬರಿಯನ್ನು ಹೊಗಳುವವರೂ ತೆಗಳುವವರೂ ಗಲ್ಲಿನ ಕಥೆಯೆಂದೇ ನೆನೆಯುತ್ತಾರೆ. ಆದರೆ ಅದರ ಹೆಚ್ಚಿನ ಪುಟಗಳು ಸಾವಿನ ಕಥೆಯಲ್ಲ, ಕಲಿಕೆಯ ಕಥೆ. ಅಪ್ಪು, ಚಿರುಕಂಡ ಎಂಬ ಇಬ್ಬರು ಹುಡುಗರು ಮಾಸ್ತರರಿಂದ ಅಕ್ಷರ ಕಲಿಯುತ್ತಾರೆ, ಲೋಕ ಕಲಿಯುತ್ತಾರೆ, ಸಂಘ ಕಟ್ಟುವುದನ್ನು ಕಲಿಯುತ್ತಾರೆ. ಭರತನು ಉತ್ಸಾಹಕ್ಕೆ ಕಾರಣವೆಂದು ಹೇಳುವ ಅಸಂಮೋಹವೂ ಅಧ್ಯವಸಾಯವೂ, ಎಂದರೆ ತಲೆಕೆಡಿಸಿಕೊಳ್ಳದಿರುವಿಕೆಯೂ ಬಿಡದ ದುಡಿಮೆಯೂ, ಈ ಕಾದಂಬರಿಯ ಜೀವಾಳ. ಆದ್ದರಿಂದ ಇದು ರೌದ್ರದ ಕೃತಿಯಲ್ಲ, ವೀರದ ಕೃತಿ. ಕ್ರಾಂತಿಯ ಕಾದಂಬರಿಯೆಂದು ಹೆಸರಾದ ಪುಸ್ತಕದ ಬಹುಭಾಗ ಶಾಂತವಾದ ಕೆಲಸದಿಂದಲೇ ತುಂಬಿರುವುದು ನಿರಂಜನರ ಪ್ರಾಮಾಣಿಕತೆ.

ಕೊರತೆಯೂ ಅಲ್ಲೇ ಇದೆ ಎಂದು ನನಗೆ ತೋರುತ್ತದೆ. ರೈತರ ಎದೆಯೊಳಗೆ ಇಷ್ಟು ಆಳವಾಗಿ ಇಳಿಯುವ ಲೇಖಕ ಎದುರು ಪಕ್ಷದವರ ಎದೆಯ ಬಾಗಿಲನ್ನು ತಟ್ಟುವುದಿಲ್ಲ. ಜಮೀನ್ದಾರರು ಜಮೀನ್ದಾರರಾಗಿಯೇ ಬಂದು ಹೋಗುತ್ತಾರೆ, ಪೋಲೀಸರು ಪೋಲೀಸರಾಗಿಯೇ. ಹೊಳೆಯಲ್ಲಿ ಮುಳುಗಿ ಸತ್ತವನಿಗೂ ಒಂದು ಮನೆ ಇದ್ದೀತು. ಅವನ ಸಾವಿನ ಭಾರ ಓದುಗನ ಮೇಲೆ ಬೀಳುವುದಿಲ್ಲ. ಅದು ಬಿದ್ದಿದ್ದರೆ ಅಪ್ಪು, ಚಿರುಕಂಡರ ಬಲಿದಾನ ಕಿರಿದಾಗುತ್ತಿರಲಿಲ್ಲ, ದುರಂತವಾಗುತ್ತಿತ್ತು. ಈಗ ಅದು ಸ್ಮರಣೆಯಾಗಿದೆ, ಹೆಸರಿಗೆ ತಕ್ಕಂತೆ. ಸ್ಮರಣೆಯೂ ಬೆಲೆಯುಳ್ಳದ್ದೇ, ಆದರೆ ಸ್ಮರಣೆ ನಮ್ಮನ್ನು ಪ್ರಶ್ನಿಸುವುದಿಲ್ಲ, ಕೈಮುಗಿಸುತ್ತದೆ. ನನ್ನ ಹುಡುಗನೂ ಕೈಮುಗಿದಿದ್ದ. ಅಂಚಿನಲ್ಲಿ ನಾನು ಬರೆಯಬೇಕಾಗಿದ್ದುದು ಇದನ್ನು.

ಹಾಗಾದರೆ ಹೇಸಿಗೆಯನ್ನು ಕರಗಿಸುವ ಕೃತಿ ನಮ್ಮಲ್ಲಿ ಯಾವುದು? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ನಂಜನಗೂಡು ತಾಲ್ಲೂಕಿನ ದೇವನೂರಿಗೆ ಹೋದರೆ ಸಾಕು. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಚಳವಳಿಯಿಲ್ಲ, ಘೋಷಣೆಯಿಲ್ಲ. ಸಾಕವ್ವನ ಹುಂಜ ಕಳೆದಿದೆ. ರಾತ್ರಿ ಮನೆಗೆ ಕದ್ದ ಕಡಲೆಕಾಯಿ ಬರುತ್ತದೆ. ಮನೆಮಂದಿಯೆಲ್ಲ ಸುತ್ತ ಕುಳಿತು ತಿನ್ನುತ್ತಾರೆ, ನಗುತ್ತಾರೆ. ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಪೋಲೀಸರು ಬರುತ್ತಾರೆ. ಇಷ್ಟೇ.

ಶಾಂತಿಮಾರ್ಗವೋ ಹಿಂಸಾಮಾರ್ಗವೋ ಎಂಬ ನಮ್ಮ ತಕ್ಕಡಿಯಲ್ಲಿ ಈ ಕಥೆಯನ್ನು ತೂಗಲು ಹೋದರೆ ತಕ್ಕಡಿಯೇ ನಗೆಪಾಟಲಾಗುತ್ತದೆ. ಇಲ್ಲಿ ಯಾರೂ ಸತ್ಯಾಗ್ರಹಿಯಲ್ಲ, ಯಾರೂ ದಂಗೆಕೋರರಲ್ಲ. ಹಸಿದವರು, ಅಷ್ಟೆ. ಆದರೆ ಓದುಗನಿಗೆ ಏನಾಯಿತೆಂದು ನೋಡಿ. ಆ ಮನೆಯ ಹೊಸ್ತಿಲನ್ನು ಎಂದೂ ದಾಟದವನು, ಆ ಮನೆಯ ನೀರನ್ನು ಕುಡಿಯಲು ಅಳುಕುವ ಮನೆತನದಲ್ಲಿ ಹುಟ್ಟಿದವನು, ತನಗೆ ತಿಳಿಯದಂತೆ ಅವರ ಜೊತೆ ಕುಳಿತು ಕಡಲೆಕಾಯಿ ಬಿಡಿಸುತ್ತಿರುತ್ತಾನೆ. ಪೋಲೀಸರು ಬಂದಾಗ ಎದೆ ಡವಗುಟ್ಟುವುದು ಇವನಿಗೂ. ಸಿಪ್ಪೆ ಎಲ್ಲಿ ಉಳಿದಿದೆಯೋ ಎಂದು ಇವನೂ ಕಣ್ಣಾಡಿಸುತ್ತಾನೆ. ಸಮಾಜ ಸುಧಾರಕರು ಸಹಭೋಜನಗಳನ್ನು ಏರ್ಪಡಿಸಿದರು; ಕರೆದವರಲ್ಲಿ ಹಲವರು ಬರಲಿಲ್ಲ, ಬಂದವರಲ್ಲಿ ಕೆಲವರು ಮನೆಗೆ ಹೋಗಿ ಸ್ನಾನ ಮಾಡಿದರು. ‘ಒಡಲಾಳ’ದ ಸಹಭೋಜನದಿಂದ ಎದ್ದುಹೋಗಿ ಸ್ನಾನ ಮಾಡಿದ ಓದುಗನನ್ನು ನಾನು ಕಂಡಿಲ್ಲ. ಹೇಸಿಗೆ ವಾದದಿಂದ ಹೋಗುವುದಿಲ್ಲ. ಒಟ್ಟಿಗೆ ತಿಂದರೆ, ಒಟ್ಟಿಗೆ ಹೆದರಿದರೆ, ಒಟ್ಟಿಗೆ ನಕ್ಕರೆ ಸ್ವಲ್ಪ ಸ್ವಲ್ಪವಾಗಿ ಸಡಿಲುತ್ತದೆ.

ಇಷ್ಟರಿಂದ ಸಾಹಿತ್ಯ ಕೊಲೆಗಳನ್ನು ತಡೆಯುತ್ತದೆಂದು ನಾನು ಹೇಳಿದರೆ ಅದು ಮೇಷ್ಟರ ಜಂಭವಾದೀತು. ‘ಒಡಲಾಳ’ ಬಂದದ್ದು 1981ರಲ್ಲಿ. ಬದನವಾಳು ನಡೆದದ್ದು ಅದಾದ ಹನ್ನೆರಡು ವರ್ಷಗಳಿಗೆ, ಅದೇ ತಾಲ್ಲೂಕಿನಲ್ಲಿ. ನಡುವೆ, ಕೊಲೆಯಾದ ಚೆನ್ನನ ಕಥೆಯನ್ನು ಹೇಳುವ ‘ಕುಸುಮಬಾಲೆ’ಯೂ ಬಂದಿತ್ತು, ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಓದಬೇಕಾದವರು ಓದುವುದಿಲ್ಲ ಎಂಬುದು ಹಳೆಯ ಗೋಳು. ಆದರೆ ಓದಿದವರೂ ಇದ್ದೇವಲ್ಲ. ಪಟ್ಟಣದ ಮನೆಗಳಲ್ಲಿ ಭಾನುವಾರದ ಕಾಫಿಯ ಜೊತೆ ಪುರವಣಿ ಬಿಡಿಸುವ ನಾವು. ದೊಂಬಿಯ ಸುದ್ದಿ ಓದಿ “ಇವರಿಗೆ ತಾಳ್ಮೆಯಿಲ್ಲ” ಎನ್ನುವವರು ನಾವೇ. ಆ ತಾಳ್ಮೆ ಎಷ್ಟು ಕಾಲದಿಂದ ಖರ್ಚಾಗುತ್ತ ಬಂದಿದೆಯೆಂಬ ಲೆಕ್ಕ ನಮ್ಮಲ್ಲಿಲ್ಲ.

ಅಹಿಂಸೆಯ ಪಕ್ಷವನ್ನು ನಾನು ಬಿಟ್ಟಿಲ್ಲ. ಫಲದ ದೃಷ್ಟಿಯಿಂದಲೂ ಅದು ಮೇಲು. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಎಂಬ ಇಬ್ಬರು ವಿದುಷಿಯರು 1900ರಿಂದ 2006ರವರೆಗೆ ಲೋಕದಲ್ಲಿ ನಡೆದ 323 ಹೋರಾಟಗಳನ್ನು ಲೆಕ್ಕಹಾಕಿ 2011ರಲ್ಲಿ ಪ್ರಕಟಿಸಿದರು: ಶಾಂತಿಯುತವಾದವುಗಳಲ್ಲಿ ನೂರಕ್ಕೆ ಸುಮಾರು 53, ಸಶಸ್ತ್ರವಾದವುಗಳಲ್ಲಿ ಸುಮಾರು 26 ಗೆದ್ದಿದ್ದುವು. ಕಾರಣ ಸರಳ. ಮೆರವಣಿಗೆಗೆ ಮುದುಕಿಯೂ ಬರಬಹುದು, ಬಸುರಿಯೂ ಬರಬಹುದು. ಬಂದೂಕಿನ ದಳಕ್ಕೆ ಬರಲಾರರು. ಜನ ಸೇರಿದಷ್ಟೂ ಎದುರಿನವರಲ್ಲಿಯೂ ಕೆಲವರು ಈ ಕಡೆಗೆ ಜಾರುತ್ತಾರೆ. ನನ್ನ ತರಗತಿಯಲ್ಲಿಯೂ ಒಂದು ವಿಚಿತ್ರವನ್ನು ಕಂಡಿದ್ದೇನೆ. ಈಸೂರಿನ ಮಾತು ಬಂದಾಗ “ಹೊಡೀಬೇಕಿತ್ತು ಸಾರ್!” ಎಂದು ಉತ್ಸಾಹದಿಂದ ಕೂಗುವವರು ಬಹುಮಟ್ಟಿಗೆ ಯಾವ ಪೆಟ್ಟನ್ನೂ ತಿನ್ನದ ಮನೆಗಳ ಹುಡುಗರು. ಕೇರಿಯಿಂದ ಬಂದ ಹುಡುಗ ಹುಡುಗಿಯರು ಸಾಮಾನ್ಯವಾಗಿ ಸುಮ್ಮನಿರುತ್ತಾರೆ. ಕೇಳಿದರೆ ಕಾನೂನಿನ ಮಾತಾಡುತ್ತಾರೆ, ಅಂಬೇಡ್ಕರರ ಹೆಸರು ಹೇಳುತ್ತಾರೆ. ಕಲ್ಲೆಸೆದ ಮೇಲೆ ಗಲ್ಲಿಗೆ ಹೋಗುವವರು ಯಾರೆಂದು ಅವರಿಗೆ ಗೊತ್ತು. ಹಿಂಸೆಯ ಬೆಂಬಲವೆಲ್ಲ ನೋವಿನಿಂದಲೇ ಬರುತ್ತದೆಂದು ತಿಳಿಯುವುದೂ ತಪ್ಪು. ನೋಡಿ ನಲಿಯುವವರಿಗೆ ಅದು ಅಗ್ಗದ ವೀರವಾಗಿಯೂ ಸಿಗುತ್ತದೆ.

ಆ ಪ್ರಬಂಧ ಬರೆದವನು ಈ ಎರಡು ಗುಂಪಿಗೂ ಸೇರಿದವನಲ್ಲ. ಅವನು ಕೇರಿಯವನೇ, ಆದರೆ ಸುಮ್ಮನಿರಲಿಲ್ಲ. ಆರು ಪುಟ ಬರೆದು ನನಗೆ ಕೊಟ್ಟ. ಈಗ ಯೋಚಿಸಿದರೆ ಆ ಆರು ಪುಟಗಳೇ ಅವನ ಸತ್ಯಾಗ್ರಹ. ಕೋಪವಿತ್ತು, ನಿಜ. ನನ್ನಿಂದ ನ್ಯಾಯ ಸಿಗಬಹುದೆಂಬ ನಂಬಿಕೆಯಿದ್ದುದರಿಂದಲೇ ಆ ಕೋಪ ಕಾಗದದ ಮೇಲೆ ಬಂದಿತ್ತು. ನಾನು ಸಭೆಯ ಹಿರಿಯರಂತೆ ಧರ್ಮಸೂಕ್ಷ್ಮದ ಮಾತಾಡಿ ಬಸ್ಸು ಹತ್ತಿದೆ. ಕೋಪ ತಿರಸ್ಕಾರವಾಗಿ ಹೆಪ್ಪುಗಟ್ಟುವುದು ಎಲ್ಲೋ ದೊಡ್ಡ ರಾಜಕೀಯದಲ್ಲಿ ಮಾತ್ರವಲ್ಲ. ಇಂಥ ಬಸ್ ನಿಲ್ದಾಣಗಳಲ್ಲಿಯೂ.

ಹೋದ ವರ್ಷ ಅವನು ಸಿಕ್ಕಿದ. ಈಗ ಕೆಲಸದಲ್ಲಿದ್ದಾನೆ, ಮದುವೆಯಾಗಿದೆ. ಹಳೆಯ ಮಾತನ್ನು ನಾನೇ ಎತ್ತಿದೆ. ನೀನು ಕೇಳಿದ್ದು ಸರಿ, ನಾನು ಬರೆದದ್ದು ತಪ್ಪು ಎಂದೆ. ಅವನು ಸಂಕೋಚದಿಂದ ನಕ್ಕು, “ಬುಡಿ ಸಾ, ನೀವು ಒಬ್ರಾದ್ರೂ ಪೂರ್ತಿ ಓದಿದ್ರಿ” ಎಂದ. ಆ ಪ್ರಬಂಧಕ್ಕೆ ಎಷ್ಟು ಅಂಕ ಕೊಡಬೇಕಾಗಿತ್ತೆಂದು ನನಗೆ ಇಂದಿಗೂ ಖಚಿತವಿಲ್ಲ. ಕಲ್ಲೆಸೆದದ್ದು ನ್ಯಾಯವೆಂಬ ಅವನ ತೀರ್ಮಾನವನ್ನು ಇಂದಿಗೂ ಒಪ್ಪಲಾರೆ. ಆದರೆ ನಾನು ಉದ್ವೇಗವೆಂದು ಕರೆದದ್ದು ಭರವಸೆಯಾಗಿತ್ತು.